ಸುದ್ದಿಯಿಲ್ಲದ ಓಟ

ತುಮಕೂರಿನ ಶಿರಾ ಗೇಟ್‌ನಿಂದ ಹೊರಟು, ಊರು ಹಾದು, ಬಿ.ಎಚ್. ರಸ್ತೆ ಹಿಡಿದು, ಹೆಗ್ಗೆರೆ, ಮಲ್ಲಸಂದ್ರ ದಾಟಿ ಗುಬ್ಬಿ ಮುಟ್ಟಿ, ಅಲ್ಲಿ ಒಂದು ಗುಟುಕು ನೀರು ಕುಡಿದು ಬಂದ ದಾರಿಯಲ್ಲೇ ವಾಪಸಾದರೆ ಎಷ್ಟು ದೂರವೋ, ಹೆಚ್ಚುಕಡಿಮೆ ಅಷ್ಟು ದೂರ ಒಂದು ಮ್ಯಾರಥಾನ್. ಕುಣಿಗಲ್ ಕಡೆ ಹೊರಟರೆ ಗೂಳೂರು, ನಾಗವಲ್ಲಿ, ಹೆಬ್ಬೂರು ಕಳೆದು ಕುಣಿಗಲ್ ಸೇರಿದ ಮೇಲೂ ಲೆಕ್ಕದಲ್ಲಿ ಇನ್ನಷ್ಟು ಬಾಕಿ ಇರುತ್ತದೆ. ಸರಿಯಾದ ಅಳತೆ 42.195 ಕಿಲೋಮೀಟರ್. ನಮ್ಮ 18, 108ರಂಥ ಸಂಖ್ಯೆಗಳ ಹಿಂದೆ ಇರುವ ಶ್ರದ್ಧೆಯ ಕಥೆ ಈ ಸಂಖ್ಯೆಗಿಲ್ಲ. 1908ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಓಟವನ್ನು ವಿಂಡ್ಸರ್ ಅರಮನೆಯಿಂದ ಶುರುಮಾಡಿ, ಕ್ರೀಡಾಂಗಣದಲ್ಲಿ ರಾಜಮನೆತನದವರು ಕೂರುವ ಜಾಗದ ಎದುರಿಗೆ ಮುಗಿಸಿದ್ದರಿಂದ ಆದ ಅಳತೆ ಇದು. 1921ರಲ್ಲಿ ಅದೇ ಅಧಿಕೃತವಾಯಿತು. ಓಟದ ಮೂಲಕಥೆಯೂ ಅಷ್ಟು ಗಟ್ಟಿಯಲ್ಲ. ಮ್ಯಾರಥಾನ್ ಬಯಲಿನಿಂದ ಅಥೆನ್ಸಿಗೆ ಗೆಲುವಿನ ಸುದ್ದಿ ಹೊತ್ತು ಓಡಿ, ಹೇಳಿ, ಅಲ್ಲೇ ಪ್ರಾಣ ಬಿಟ್ಟ ದೂತನ ಪ್ರಸಂಗ ಹೆರೊಡೊಟಸ್‌ನ ಇತಿಹಾಸದಲ್ಲಿ ಸಿಗುವುದಿಲ್ಲ. ಅಲ್ಲಿರುವುದು ನೆರವು ಕೇಳಲು ಸ್ಪಾರ್ಟಾಕ್ಕೆ ಓಡಿದವನ ಮಾತು. ಎರಡು ಕಥೆಯಲ್ಲೂ ಓಡಿದವನ ಬಾಯಲ್ಲಿ ತಲುಪಿಸಬೇಕಾದ ಮಾತೊಂದಿತ್ತು. ಇಂದು ಓಡುವವರ ಬಾಯಲ್ಲಿ ಯಾವ ಸುದ್ದಿಯೂ ಇಲ್ಲ. ಗುಬ್ಬಿಯಲ್ಲಿ ಅವರಿಗೆ ಕೆಲಸವಿಲ್ಲ, ನೆಂಟರಿಲ್ಲ. ಹೊರಟಲ್ಲಿಗೇ ಬಂದು ನಿಲ್ಲುವುದಕ್ಕೆ ಅವರು ಅಷ್ಟು ದೂರ ಹೋಗುತ್ತಾರೆ. ಇಂಥ ಓಟಕ್ಕೆ ಧರ್ಮದ ಕಣ್ಣಿನಲ್ಲಿ ಏನು ಸ್ಥಾನ? ತಪಸ್ಸೇ, ಕಾಯಕವೇ, ಬರೀ ಆಟವೇ, ಇಲ್ಲವೇ ದೇಹದ ಅಹಂಕಾರಕ್ಕೆ ಸಿಕ್ಕ ಹೊಸ ಹೆಸರೇ?

ನಮ್ಮ ಜಿಲ್ಲಾ ಕೇಂದ್ರಗಳು ಈ ಪ್ರಶ್ನೆಯನ್ನು ಎದುರಿಸುವುದರಿಂದ ತಪ್ಪಿಸಿಕೊಂಡಿವೆ. ಇಲ್ಲಿ ಓಟಗಳು ನಡೆಯುವುದು ಒಂದಲ್ಲ ಒಂದು ಕಾರಣದ ಬ್ಯಾನರಿನ ಕೆಳಗೆ: ಏಡ್ಸ್ ಜಾಗೃತಿ, ಮತದಾನ ಜಾಗೃತಿ, ಮಾದಕ ವಸ್ತುಗಳ ವಿರುದ್ಧ ಜಾಗೃತಿ. 5 ಕಿಲೋಮೀಟರಿನ ಓಟಕ್ಕೂ ಪತ್ರಿಕೆಗಳು ಮ್ಯಾರಥಾನ್ ಎಂದೇ ಬರೆಯುತ್ತವೆ. ಅಳತೆ ತಪ್ಪಿತೆಂಬ ತಕರಾರು ನನ್ನದಲ್ಲ. ಪದಗಳು ಊರಿಗೆ ಬಂದ ಮೇಲೆ ಊರಿನವೇ ಆಗುತ್ತವೆ. ನನ್ನನ್ನು ತಡೆದು ನಿಲ್ಲಿಸುವುದು ಆ ಬ್ಯಾನರು. ಸುಮ್ಮನೆ ಓಡುತ್ತೇವೆ ಎಂದು ಹೇಳಲು ಒಂದು ಊರಿಗೆ ಯಾಕೆ ಇಷ್ಟು ಸಂಕೋಚ? ಇನ್ನು ದಿನವೂ ಓಡುವವರನ್ನು ನೋಡಿ. ಮಬ್ಬುಗತ್ತಲಲ್ಲೇ ಮೈದಾನಕ್ಕೆ ಬರುವವರಲ್ಲಿ ಬಹುಪಾಲು ಹುಡುಗರು ಪೊಲೀಸ್ ಇಲಾಖೆಗೋ ಸೇನೆಗೋ ಸೇರಲು ತಯಾರಾಗುತ್ತಿರುವವರು. 1,600 ಮೀಟರ್, ಅಂದರೆ 400 ಮೀಟರಿನ ಟ್ರ್ಯಾಕಿನಲ್ಲಿ 4 ಸುತ್ತು, ಗೊತ್ತಾದ ಸಮಯದೊಳಗೆ ಮುಗಿಯಬೇಕು. ಗೆರೆಯ ಹತ್ತಿರ ಗೆಳೆಯನೊಬ್ಬ ಮೊಬೈಲಿನ ಸ್ಟಾಪ್‌ವಾಚ್ ಹಿಡಿದು ಸೆಕೆಂಡು ಕೂಗುತ್ತಾನೆ. ಓಡುವವನ ಮುಖದಲ್ಲಿ ಅಪ್ಪನ ಸಾಲ, ತಂಗಿಯ ಮದುವೆ, ವಯೋಮಿತಿ ಎಲ್ಲ ಕಾಣುತ್ತವೆ. ಆ ಓಟಕ್ಕೆ ಅರ್ಥ ಹುಡುಕಬೇಕಾಗಿಲ್ಲ. ಅರ್ಥ ಹುಡುಕಬೇಕಾದದ್ದು ನೌಕರಿಯೂ ಇಲ್ಲದ, ಬ್ಯಾನರೂ ಇಲ್ಲದ, ನಾಲ್ಕೈದು ಗಂಟೆ ಹಿಡಿಯುವ ಆ ಇನ್ನೊಂದು ಓಟಕ್ಕೆ. ನನ್ನ ವಾದ ಇಷ್ಟು: ಆ ಓಟದಲ್ಲಿ ಧಾರ್ಮಿಕ ಎನ್ನಬಹುದಾದದ್ದು ಏನಾದರೂ ಇದ್ದರೆ ಅದು ಅದರ ನಿಷ್ಪ್ರಯೋಜಕತೆಯಲ್ಲೇ ಇದೆ. ನೋವಿನಲ್ಲಿಲ್ಲ, ಸಾಧನೆಯಲ್ಲಿಲ್ಲ, ಅದಕ್ಕೆ ಅಂಟಿಸುವ ಸದುದ್ದೇಶದಲ್ಲೂ ಇಲ್ಲ.

ನೋವಿನ ಮಾತನ್ನು ಮೊದಲು ತೆಗೆದುಕೊಳ್ಳುತ್ತೇನೆ, ಯಾಕೆಂದರೆ ಓಟವನ್ನು ತಪಸ್ಸೆಂದು ಹೊಗಳುವವರು ಹಿಡಿಯುವುದು ಅದನ್ನೇ. ಈ ನಾಡಿನಲ್ಲಿ ದೇಹದಂಡನೆಯ ಭಕ್ತಿಗೆ ಕೊರತೆಯಿಲ್ಲ. ಉರುಳು ಸೇವೆ ಇದೆ, ಕೆಂಡ ಹಾಯುವುದಿದೆ, ಯುಗಾದಿಯ ಹೊತ್ತಿಗೆ ಉತ್ತರ ಕರ್ನಾಟಕದಿಂದ ಶ್ರೀಶೈಲಕ್ಕೆ ನಡೆದುಹೋಗುವ ಭಕ್ತರಿದ್ದಾರೆ, ಅವರಲ್ಲಿ ಮರಗಾಲು ಕಟ್ಟಿಕೊಂಡು ನಡೆಯುವವರೂ ಇದ್ದಾರೆ. ಆದರೆ ಅವರು ಯಾರೂ ನೋವನ್ನೇ ದೇವರಿಗೆ ಒಪ್ಪಿಸಲು ಹೋಗುವುದಿಲ್ಲ. ಹರಕೆಯೊಂದು ಇರುತ್ತದೆ, ಮಲ್ಲಯ್ಯ ಇರುತ್ತಾನೆ; ಕಾಲಿನ ಬೊಬ್ಬೆ ದಾರಿಯ ಖರ್ಚು ಅಷ್ಟೆ. ಗೀತೆಯ ಹದಿನೇಳನೆಯ ಅಧ್ಯಾಯ ಶರೀರದ ತಪಸ್ಸು ಯಾವುದೆಂದು ಹೇಳುವಾಗ ಪೂಜೆ, ಶುಚಿತ್ವ, ನೇರ ನಡೆ, ಬ್ರಹ್ಮಚರ್ಯ, ಅಹಿಂಸೆಗಳನ್ನು ಹೆಸರಿಸುತ್ತದೆ. ಆ ಪಟ್ಟಿಯಲ್ಲಿ ನೋವಿನ ಹೆಸರೇ ಇಲ್ಲ. ಮುಂದುವರಿದು, ಸತ್ಕಾರ ಮನ್ನಣೆಗಳಿಗಾಗಿ ಮಾಡಿದ ತಪಸ್ಸನ್ನು ರಾಜಸವೆಂದೂ, ಮೂಢ ಹಟದಿಂದ ತನ್ನನ್ನೇ ಪೀಡಿಸಿಕೊಳ್ಳುವುದನ್ನು ತಾಮಸವೆಂದೂ ಅದು ಬೇರೆ ಇಡುತ್ತದೆ. ಬುದ್ಧ ಆರು ವರ್ಷ ಮೈ ಒಣಗಿಸಿಕೊಂಡು ನೋಡಿ ಅದನ್ನು ಬಿಟ್ಟದ್ದು ಎಲ್ಲರಿಗೂ ಗೊತ್ತಿದೆ. ಜೈನರು ಕಾಯಕ್ಲೇಶವನ್ನು ಆರು ಬಾಹ್ಯ ತಪಸ್ಸುಗಳಲ್ಲಿ ಒಂದೆಂದು ಒಪ್ಪುತ್ತಾರೆ ನಿಜ. ಆದರೆ ಕರ್ನಾಟಕದ ಪೂಜ್ಯಪಾದರು ತತ್ತ್ವಾರ್ಥಸೂತ್ರದ ಮೇಲಿನ ತಮ್ಮ ವ್ಯಾಖ್ಯಾನದಲ್ಲಿ ಒಂದು ಸೂಕ್ಷ್ಮ ಗೆರೆ ಎಳೆದಿದ್ದಾರೆ: ತಾನಾಗಿ ಬಂದೆರಗಿದ ಕಷ್ಟ ಪರೀಷಹ, ತಾನೇ ಮಾಡಿಕೊಂಡದ್ದು ಕಾಯಕ್ಲೇಶ. ಈ ಗೆರೆಯನ್ನು ಮರೆಯಬಾರದು. ತುಮಕೂರಿನ ಮಂಡಿಯಲ್ಲಿ ಮೂಟೆ ಹೊರುವ ಹಮಾಲಿಯ ಬೆನ್ನುನೋವು ಪರೀಷಹ. ಭಾನುವಾರದ ಓಟಗಾರನ ಮೊಣಕಾಲುನೋವು ಅವನೇ ಕರೆದುಕೊಂಡದ್ದು. ಎರಡನ್ನೂ ಒಂದೇ ತಕ್ಕಡಿಯಲ್ಲಿಟ್ಟು ಎರಡನೆಯದನ್ನು ತಪಸ್ಸೆಂದು ಕರೆದರೆ ಮೊದಲನೆಯದಕ್ಕೆ ಅವಮಾನವಾಗುತ್ತದೆ.

ಜಪಾನಿನ ಹಿಯೇ ಪರ್ವತದ ಭಿಕ್ಷುಗಳ ಉದಾಹರಣೆಯನ್ನು ಯಾರಾದರೂ ತಂದಾರು. ತೆಂಡೈ ಪಂಥದ ಈ ಸಾಧಕರು 7 ವರ್ಷಗಳಲ್ಲಿ 1,000 ದಿನ ಬೆಟ್ಟದ ದಾರಿಯಲ್ಲಿ ವೇಗವಾಗಿ ನಡೆಯುತ್ತಾರೆ. ಕೊನೆಯ ವರ್ಷದ ನೂರು ದಿನಗಳಲ್ಲಿ ದಿನಕ್ಕೆ ಎರಡು ಮ್ಯಾರಥಾನಿನಷ್ಟು, ಸುಮಾರು 84 ಕಿಲೋಮೀಟರ್. ಹೊರಗಿನವರು ಅವರಿಗೆ ಮ್ಯಾರಥಾನ್ ಸನ್ಯಾಸಿಗಳೆಂದೇ ಹೆಸರಿಟ್ಟಿದ್ದಾರೆ. ಆದರೆ ಅವರ ನಿಯಮವನ್ನು ಹತ್ತಿರದಿಂದ ನೋಡಿದರೆ ನಡೆದಷ್ಟೇ ಅವರು ನಿಲ್ಲುತ್ತಾರೆ ಎಂಬುದು ತಿಳಿಯುತ್ತದೆ: ಒಂದು ಮರದ ಮುಂದೆ, ಒಂದು ಕಲ್ಲಿನ ಮುಂದೆ, ಒಂದು ಗುಡಿಯ ಮುಂದೆ, ಕೈಮುಗಿದು ಮಂತ್ರ ಹೇಳಿ ಮತ್ತೆ ಹೊರಡುತ್ತಾರೆ. 700 ದಿನ ಕಳೆದ ಮೇಲೆ 9 ದಿನ ಅನ್ನ, ನೀರು, ನಿದ್ದೆ ಯಾವುದೂ ಇಲ್ಲದೆ ಕೂರುವ ವ್ರತವೊಂದಿದೆ. ಅಲ್ಲಿಯವರೆಗೆ ನಡೆದದ್ದು ತನಗಾಗಿ, ಅಲ್ಲಿಂದ ಮುಂದೆ ನಡೆಯುವುದು ಉಳಿದ ಜೀವಿಗಳಿಗಾಗಿ ಎಂದು ಅವರ ಸಂಪ್ರದಾಯ ಹೇಳುತ್ತದೆ. ಅಲ್ಲಿಯೂ ನೋವು ಗುರಿಯಲ್ಲ. 'ನಾನು ನಡೆಯುತ್ತಿದ್ದೇನೆ' ಎಂಬುದರಲ್ಲಿ ಮೊದಲ ಪದ ಸವೆದುಹೋಗುವಷ್ಟು ನಡೆಸುವುದು ಗುರಿ.

ತಪಸ್ಸಲ್ಲದಿದ್ದರೆ ಕಾಯಕವೇ? ಶರಣರ ನಾಡಿನಲ್ಲಿ ಈ ಪದ ಬೇಗ ನಾಲಗೆಗೆ ಬರುತ್ತದೆ, ಬೆವರು ಹರಿಸಿದ್ದನ್ನೆಲ್ಲ ಕಾಯಕವೆಂದು ಕರೆದುಬಿಡುವ ಅಭ್ಯಾಸವೂ ನಮಗಿದೆ. ಆದರೆ ಕಾಯಕಕ್ಕೆ ಹನ್ನೆರಡನೆಯ ಶತಮಾನದ ಶರಣರು ಇಟ್ಟ ಷರತ್ತು ಕಠಿಣ. ದುಡಿಮೆಯಿಂದ ಏನಾದರೂ ಹುಟ್ಟಬೇಕು, ಹುಟ್ಟಿದ್ದು ತನ್ನ ಅಗತ್ಯ ಕಳೆದು ದಾಸೋಹಕ್ಕೆ ಸಲ್ಲಬೇಕು. ನೇಯ್ದವನು ಬಟ್ಟೆ ಕೊಟ್ಟ, ಮಡಿವಾಳ ಬಟ್ಟೆ ಒಗೆದುಕೊಟ್ಟ, ಅಂಬಿಗ ಹೊಳೆ ದಾಟಿಸಿದ. 42 ಕಿಲೋಮೀಟರ್ ಓಡಿದವನು ಯಾರನ್ನು ದಾಟಿಸಿದ? ಕಾಯಕದ ಲೆಕ್ಕದಲ್ಲಿ ಓಟ ನಿಲ್ಲುವುದಿಲ್ಲ. ಇದನ್ನು ಒಪ್ಪಿಕೊಂಡೇ ಮುಂದೆ ಹೋಗಬೇಕು. ಹೀಗೆ ಒಪ್ಪಿಕೊಂಡ ಮೇಲೂ ಆಯ್ದಕ್ಕಿ ಮಾರಯ್ಯ ಮತ್ತು ಲಕ್ಕಮ್ಮನ ಪ್ರಸಂಗ ನನ್ನನ್ನು ಬಿಡುವುದಿಲ್ಲ. ಕಲ್ಯಾಣದಲ್ಲಿ ಬಸವಣ್ಣನ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿ ಆಯ್ದು ತರುವುದು ಮಾರಯ್ಯನ ಕಾಯಕ. ಒಂದು ದಿನ ಅವನ ಮಡಿಲಲ್ಲಿ ಎಂದಿಗಿಂತ ಹೆಚ್ಚು ಅಕ್ಕಿ. ಲಕ್ಕಮ್ಮ ಅದನ್ನು ನೋಡಿದ್ದೇ ತಡ, ಇಷ್ಟು ನಮಗೆ ಯಾಕೆ, ಹೋಗಿ ಅಲ್ಲೇ ಸುರಿದು ಬಾ ಎಂದು ಕಳಿಸುತ್ತಾಳೆ. ಈ ಕಥೆಯನ್ನು ನಾವು ದುರಾಸೆಯ ವಿರುದ್ಧ ಎಂದು ಓದುತ್ತೇವೆ, ಸರಿ. ಆದರೆ ಆ ಎರಡನೆಯ ನಡಿಗೆಯನ್ನು ಯೋಚಿಸಿ. ಮೊದಲ ಸಲ ಹೋದದ್ದು ತರುವುದಕ್ಕೆ, ಅದು ಕಾಯಕ. ಎರಡನೆಯ ಸಲ ಹೋದದ್ದು ಬರಿಗೈಯಲ್ಲಿ ಬರುವುದಕ್ಕೆ. ಆ ನಡಿಗೆಯಿಂದ ಒಂದು ಕಾಳೂ ಮನೆಗೆ ಬರಲಿಲ್ಲ. ದಾರಿ ಅದೇ, ಅಂಗಳ ಅದೇ, ಕಾಲಿನ ದಣಿವೂ ಅದೇ. ಕಾಯಕವೆಂದು ಕರೆಯಲಾಗದ ಆ ನಡಿಗೆ ಆ ದಿನದ ಅತ್ಯಂತ ಪವಿತ್ರವಾದ ಕೆಲಸವಾಗಿತ್ತು ಎಂದು ನಾನು ತಿಳಿಯುತ್ತೇನೆ. ತನ್ನಲ್ಲಿ ಕೂಡಿದ್ದನ್ನು ಹೊತ್ತೊಯ್ದು ಸುರಿದು ಬರುವ ಈ ಜಾತಿಯ ಚಲನೆಗೆ ಓಟವನ್ನು ಸೇರಿಸಬಹುದೇ ಎಂಬುದು ಈಗ ಪ್ರಶ್ನೆ.

ದೇಹದೊಳಗೆ ಏನು ನಡೆಯುತ್ತದೆಂದು ನೋಡಿದರೆ ಸೇರಿಸಬಹುದು ಎನ್ನಿಸುತ್ತದೆ. ಮನುಷ್ಯ ತಿಂದ ಮುದ್ದೆ, ಅನ್ನದ ಒಂದು ಪಾಲು ಗ್ಲೈಕೋಜೆನ್ ಎಂಬ ರೂಪದಲ್ಲಿ ಸ್ನಾಯು ಮತ್ತು ಪಿತ್ತಜನಕಾಂಗದಲ್ಲಿ ಕೂಡಿರುತ್ತದೆ. ಒಟ್ಟು ಸುಮಾರು 2,000 ಕಿಲೋಕ್ಯಾಲರಿಯಷ್ಟು. ಓಡುವಾಗ ಮೈತೂಕದ ಪ್ರತಿ ಕಿಲೋಗೆ, ಪ್ರತಿ ಕಿಲೋಮೀಟರಿಗೆ ಹೆಚ್ಚುಕಡಿಮೆ ಒಂದು ಕಿಲೋಕ್ಯಾಲರಿ ಬೇಕು. 60 ಕಿಲೋ ತೂಕದವರಿಗೆ ಇಡೀ ದೂರಕ್ಕೆ 2,500. ಕೊಬ್ಬು ಜೊತೆಗೂಡಿ ಉರಿಯುತ್ತದಾದರೂ ನಿಧಾನಕ್ಕೆ. ಆದ್ದರಿಂದ 30 ಕಿಲೋಮೀಟರ್ ದಾಟುವ ಹೊತ್ತಿಗೆ ಕಣಜ ಬರಿದಾಗತೊಡಗುತ್ತದೆ. ಓಟಗಾರರು ಇದಕ್ಕೆ 'ವಾಲ್' ಎನ್ನುತ್ತಾರೆ. ಗುಬ್ಬಿಯಿಂದ ತಿರುಗಿ ಬರುವ ದಾರಿಯಲ್ಲಿ, ಮಲ್ಲಸಂದ್ರದ ಆಸುಪಾಸಿನಲ್ಲಿ, ಇದು ಎದುರಾಗುತ್ತದೆಂದು ಇಟ್ಟುಕೊಳ್ಳಿ. ಕಪಾಳದ ಮೇಲೆ ಬೆವರು ಒಣಗಿ ಬಿಳಿ ಉಪ್ಪಿನ ಗೆರೆಯಾಗಿರುತ್ತದೆ. ತೊಡೆ ಕಲ್ಲಾಗಿರುತ್ತದೆ. ನೀರಿನ ಲೋಟ ಹಿಡಿಯಲು ಬೆರಳುಗಳು ಒಪ್ಪುವುದಿಲ್ಲ. ಕೊಟ್ಟವರ ಕೈಯೇ ಬಾಯಿಯವರೆಗೆ ಬರಬೇಕು. 12ಕ್ಕೆ 3 ಸೇರಿಸಿದರೆ ಎಷ್ಟು ಎಂಬುದಕ್ಕೂ ಒಂದು ಕ್ಷಣ ಬೇಕಾಗುತ್ತದೆ. ತಿಂಗಳುಗಟ್ಟಲೆ ಅಭ್ಯಾಸ ಮಾಡಿ ಕಟ್ಟಿದ ದೇಹ, ನನ್ನದೆಂದು ಹೆಮ್ಮೆಪಟ್ಟ ದೇಹ, ಇಲ್ಲಿ ನನ್ನ ಮಾತು ಕೇಳುವುದನ್ನು ನಿಲ್ಲಿಸುತ್ತದೆ.

ದೇಹದ ಮೇಲಿನ ಈ ಹೆಮ್ಮೆಯ ಪ್ರಶ್ನೆಯನ್ನು ನಮ್ಮಲ್ಲಿ ಒಂದು ಕಥೆ ಮುಟ್ಟಿದೆ, ಅದನ್ನು ಸಂಕಲಿಸಿದವರೂ ಇದೇ ನೆಲದವರು. ಶೂನ್ಯಸಂಪಾದನೆಯ ನಾಲ್ಕು ಪಾಠಗಳಲ್ಲಿ ಕೊನೆಯದನ್ನು ಕೊಟ್ಟವರು ಗೂಳೂರು ಸಿದ್ಧವೀರಣಾರ್ಯರು. ಕುಣಿಗಲ್ ತಾಲ್ಲೂಕಿನ ಎಡೆಯೂರಿನಲ್ಲಿ ಗದ್ದುಗೆಯಿರುವ ತೋಂಟದ ಸಿದ್ಧಲಿಂಗ ಯತಿಗಳ ಪರಂಪರೆಯವರು. ಅಲ್ಲಿ ಅಲ್ಲಮನಿಗೂ ಗೋರಕ್ಷನಿಗೂ ನಡೆಯುವ ಮುಖಾಮುಖಿ ಇದೆ. ಗೋರಕ್ಷ ಸಾಧನೆಯಿಂದ ವಜ್ರಕಾಯ ಪಡೆದವನು. ಕತ್ತಿಯಿಂದ ಹೊಡೆಸಿಕೊಂಡರೆ ಮೈ ಖಣಿಲ್ ಎನ್ನುತ್ತದೆ, ಒಂದು ಕೂದಲೂ ಕೊಂಕುವುದಿಲ್ಲ. ಅದೇ ಕತ್ತಿಯನ್ನು ಅಲ್ಲಮನ ಮೇಲೆ ಬೀಸಿದರೆ ಬಯಲಲ್ಲಿ ಬೀಸಿದಂತೆ ಆಚೆಗೆ ಹಾಯ್ದುಹೋಗುತ್ತದೆ. ತಾಗುವುದಕ್ಕೆ ಅಲ್ಲಿ ಏನೂ ಇಲ್ಲ. ಇಂದಿನ ಓಟದ ಜಗತ್ತು ಮಾರುವುದು ಗೋರಕ್ಷನ ದೇಹವನ್ನು. ಬೂಟಿನ ಜಾಹೀರಾತು, ಕೈಗಡಿಯಾರ, ಆಹಾರದ ಪಟ್ಟಿ ಎಲ್ಲವೂ ವಜ್ರವಾಗು ಎಂದೇ ಹೇಳುತ್ತವೆ. ಆದರೆ ಓಟದ ಕೊನೆಯ ಹತ್ತು ಕಿಲೋಮೀಟರ್ ಯಾರನ್ನೂ ವಜ್ರವಾಗಿ ಉಳಿಸುವುದಿಲ್ಲ. ಅಲ್ಲಿ ಯಾರೂ ಅಲ್ಲಮನಾಗುತ್ತಾರೆಂದು ನಾನು ಹೇಳುತ್ತಿಲ್ಲ. ಸಕ್ಕರೆ ತೀರಿದ ಮಂಪರನ್ನು ಬಯಲ ಅನುಭಾವವೆಂದು ಕರೆದರೆ ಅದು ಅಪಚಾರ. ಗೋರಕ್ಷನ ಕನಸು ಒಡೆಯುವುದನ್ನು ಸ್ವಂತ ಮೈಯಲ್ಲೇ ಕಾಣುವ ಅವಕಾಶ ಅಲ್ಲಿ ಇದೆ ಎಂಬಷ್ಟೇ ನನ್ನ ಮಾತು. ಯಾವ ಪುಸ್ತಕ ಓದಿದರೂ ದೇಹ ನಶ್ವರವೆಂಬುದು ಇನ್ನೊಬ್ಬರ ದೇಹದ ವಿಷಯವಾಗಿಯೇ ಉಳಿಯುತ್ತದೆ. ರೋಗ, ಮುಪ್ಪು ಅದನ್ನು ಕಲಿಸುತ್ತವೆ, ಆದರೆ ಅವು ಬರುವುದು ಕೇಳಿಕೊಂಡಲ್ಲ. ಗಟ್ಟಿಮುಟ್ಟಾಗಿರುವಾಗಲೇ, ಬೇಕೆಂದೇ ಹೋಗಿ ಆ ಪಾಠದ ಮುಂದೆ ನಿಲ್ಲಬಹುದಾದ ಸಂದರ್ಭಗಳು ಕಡಿಮೆ.

ಗೂಳೂರಿನ ಹೆಸರು ಬಂದದ್ದರಿಂದ ಅಲ್ಲಿನ ಗಣಪನನ್ನೂ ನೆನೆಯಬೇಕು. ಬೇರೆ ಊರುಗಳಲ್ಲಿ ಚೌತಿಯ ದಿನ ಮೂರ್ತಿ ತಂದು ಪೂಜಿಸುತ್ತಾರೆ. ಗೂಳೂರಿನಲ್ಲಿ ಚೌತಿಗೆ ಮಣ್ಣಿನ ಕೆಲಸ ಶುರುವಾಗುತ್ತದೆ. ವಾರಗಟ್ಟಲೆ ಕೈಯಿಂದ ಮೆತ್ತಿ ಮೆತ್ತಿ ಆಳೆತ್ತರ ಮೀರಿದ ಗಣಪತಿಯನ್ನು ಗುಡಿಯೊಳಗೇ ಬೆಳೆಸುತ್ತಾರೆ. ಬಲಿಪಾಡ್ಯಮಿಯಿಂದ ಪೂಜೆ, ಕಾರ್ತೀಕವೆಲ್ಲ ದರ್ಶನ, ಆಮೇಲೆ ಉತ್ಸವ ಮಾಡಿ ಕೆರೆಗೆ ಬಿಡುತ್ತಾರೆ. ನೀರು ಮೊದಲು ಬೆರಳುಗಳನ್ನು ಕರಗಿಸುತ್ತದೆ, ಆಮೇಲೆ ಸೊಂಡಿಲು, ಹೊಟ್ಟೆ. ಕೊನೆಗೆ ಉಳಿಯುವುದು ಬಗ್ಗಡ. ಮರುವರ್ಷ ಮತ್ತೆ ಮಣ್ಣು. ಇಷ್ಟು ದುಡಿಮೆಯಿಂದ ಊರಿಗೆ ಏನು ಉಳಿಯಿತು ಎಂದು ಅಲ್ಲಿ ಯಾರೂ ಕೇಳುವುದಿಲ್ಲ. ಏನೂ ಉಳಿಯದ ಹಾಗೆ ಕೊನೆಗೊಳ್ಳುವ ಕೆಲಸ ವ್ಯರ್ಥವಲ್ಲ ಎಂಬ ತಿಳಿವಳಿಕೆ ಈ ಸೀಮೆಗೆ ಹೊಸದಲ್ಲ ಎಂದು ತೋರಿಸಲು ಇದನ್ನು ಹೇಳಿದೆ.

ಆದರೆ ಇದೇ ಗಣಪತಿಯ ಕಡೆಯಿಂದ ಓಟಕ್ಕೆ ಹಳೆಯದೊಂದು ಆಕ್ಷೇಪವಿದೆ. ಜಗತ್ತನ್ನು ಸುತ್ತಿ ಮೊದಲು ಬಂದವರಿಗೆ ಹಣ್ಣು ಎಂದಾಗ ಕುಮಾರಸ್ವಾಮಿ ನವಿಲೇರಿ ಹೊರಟ, ಗಣಪ ತಂದೆತಾಯಿಗೆ ಪ್ರದಕ್ಷಿಣೆ ಹಾಕಿ ಗೆದ್ದ. ಇಡೀ ಲೋಕ ಎದುರಿಗೇ ಇರುವಾಗ ಗುಬ್ಬಿಯವರೆಗೆ ಯಾಕೆ ಹೋಗಬೇಕು? ಈ ಆಕ್ಷೇಪಕ್ಕೆ ತೂಕವಿದೆ, ಮನೆಯ ಹಿರಿಯರನ್ನು ಬಿಟ್ಟು ಬೆಳಗೆಲ್ಲ ಓಡುವವರು ಅದನ್ನು ಕಿವಿಗೊಟ್ಟು ಕೇಳಬೇಕು. ಆದರೂ ಕಥೆಯಲ್ಲಿ ಗಣಪ ಕೂತಲ್ಲೇ ಕೂತು ಗೆಲ್ಲಲಿಲ್ಲ. ಅವನೂ ಎದ್ದು ಸುತ್ತು ಬಂದ. ದೂರ ಚಿಕ್ಕದಾಯಿತು, ಸುತ್ತುವುದು ತಪ್ಪಲಿಲ್ಲ. ಪ್ರದಕ್ಷಿಣೆ ಎಂದರೆ ಹೊರಟಲ್ಲಿಗೇ ಬರುವ ನಡಿಗೆ. ಎಲ್ಲಿಗೂ ತಲುಪಿಸದ ಆ ನಡಿಗೆಯನ್ನು ನಾವು ದಿನವೂ ಗುಡಿಗಳಲ್ಲಿ ನಡೆಯುತ್ತೇವೆ. ನ್ಯೂಯಾರ್ಕಿನ ಕ್ವೀನ್ಸ್‌ನಲ್ಲಿ ಬಂಗಾಳಿ ಮೂಲದ ಗುರು ಶ್ರೀ ಚಿನ್ಮಯ್ ಅವರ ಅನುಯಾಯಿಗಳು 1997ರಿಂದ ನಡೆಸುತ್ತಿರುವ 3,100 ಮೈಲಿಯ ಓಟ ಇದನ್ನೇ ತುದಿಗೆ ಒಯ್ದಿದೆ. ಒಂದು ಕಿಲೋಮೀಟರೂ ಇಲ್ಲದ ಒಂದೇ ಬೀದಿಯ ಸುತ್ತನ್ನು 52 ದಿನಗಳಲ್ಲಿ ಐದೂವರೆ ಸಾವಿರಕ್ಕೂ ಹೆಚ್ಚು ಸಲ ಸುತ್ತುತ್ತಾರೆ. ಅಷ್ಟು ದೊಡ್ಡ ದೂರಕ್ಕೆ ಅವರು ಊರೂರು ದಾಟುವ ದಾರಿ ಆರಿಸಿಕೊಳ್ಳಲಿಲ್ಲ ಎಂಬುದರಲ್ಲೇ ಉತ್ತರವಿದೆ.

ಎಲ್ಲಕ್ಕಿಂತ ಭಾರವಾದ ಆಕ್ಷೇಪ ಹೊಟ್ಟೆಯದು. ಬ್ರಹ್ಮಸೂತ್ರದ ಎರಡನೆಯ ಅಧ್ಯಾಯದಲ್ಲಿ, ಯಾವ ಕೊರತೆಯೂ ಇಲ್ಲದ ಬ್ರಹ್ಮ ಯಾಕೆ ಸೃಷ್ಟಿ ಮಾಡಬೇಕು ಎಂಬ ಪ್ರಶ್ನೆಗೆ ಲೀಲೆ ಎಂಬ ಉತ್ತರವಿದೆ. ಪ್ರಯೋಜನವಿಲ್ಲದ ಚಟುವಟಿಕೆಗೆ ನಮ್ಮ ದರ್ಶನ ಕೊಟ್ಟ ಅತಿ ದೊಡ್ಡ ಗೌರವ ಅದು. ಆದರೆ ಶಂಕರರು ಅದಕ್ಕೆ ಕೊಡುವ ದೃಷ್ಟಾಂತ ನೋಡಿ: ಬೇಕಾದದ್ದೆಲ್ಲ ಇರುವ ರಾಜ ವಿಹಾರಕ್ಕಾಗಿ ಆಡುವ ಆಟ. ಹಾಗಾದರೆ ಲೀಲೆ ಅರಸರಿಗೇ ಮೀಸಲೇ? ಪಾವಗಡ, ಮಧುಗಿರಿ, ಶಿರಾ ತಾಲ್ಲೂಕುಗಳು ಬರ ಕಂಡ ನೆಲ. ಇಂಥ ಜಿಲ್ಲೆಯಲ್ಲಿ ಕೂಡಿಟ್ಟ ಶಕ್ತಿಯನ್ನು ರಸ್ತೆಗೆ ಸುರಿದು ಬರುವುದು ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಎಂಬಂತಲ್ಲವೇ? ದೊಡ್ಡ ನಗರಗಳ ಓಟಗಳಲ್ಲಿ ಶುಲ್ಕ, ಬೂಟು, ಗಡಿಯಾರಗಳ ಖರ್ಚು ನೋಡಿದರೆ ಈ ಮಾತು ನೇರವಾಗಿ ತಾಗುತ್ತದೆ, ಅದಕ್ಕೆ ನನ್ನಲ್ಲಿ ಸಮಜಾಯಿಷಿ ಇಲ್ಲ. ಆದರೆ ಅದೇ ಶಂಕರರು ಅದೇ ಜಾಗದಲ್ಲಿ ಇನ್ನೊಂದು ದೃಷ್ಟಾಂತವನ್ನೂ ಕೊಡುತ್ತಾರೆ: ಉಸಿರಾಟ. ಹೊರಗಿನ ಪ್ರಯೋಜನವೊಂದನ್ನು ನೋಡಿ ಯಾರೂ ಉಸಿರಾಡುವುದಿಲ್ಲ, ಅದು ಸ್ವಭಾವದಿಂದಲೇ ನಡೆಯುತ್ತದೆ. ಉಸಿರಿಗೆ ಅರಸ, ಹಮಾಲಿ ಎಂಬ ಭೇದವಿಲ್ಲ. ಮಕ್ಕಳು ಓಡುವುದೂ ಹಾಗೆಯೇ, ಬರದ ಹಳ್ಳಿಯಲ್ಲೂ ಓಡುತ್ತಾರೆ, ಅಂಗನವಾಡಿಯಿಂದ ಮನೆಗೆ ನಡೆದು ಬರುವ ಮಗುವನ್ನು ಕಾಣುವುದು ಕಷ್ಟ. ಬಡತನ ಮನುಷ್ಯನಿಂದ ಕಸಿದುಕೊಳ್ಳುವ ವಸ್ತುಗಳಲ್ಲಿ ಅನ್ನ ಮೊದಲನೆಯದು, ನಿರುದ್ದೇಶವಾಗಿ ಮೈ ಆಡಿಸುವ ಹಕ್ಕು ಎರಡನೆಯದು. ಸಿದ್ಧಗಂಗೆಯಲ್ಲಿ ಶಿವಕುಮಾರ ಸ್ವಾಮಿಗಳು 1941ರಿಂದ 2019ರವರೆಗೆ ನಡೆಸಿದ ದಾಸೋಹದ ಕ್ರಮದಲ್ಲಿ ಅನ್ನ, ಅಕ್ಷರ, ಆಶ್ರಯ ಜೊತೆಗೂಡಿದ್ದವು. ಸುಮಾರು 10,000 ಮಕ್ಕಳಿಗೆ ದಿನವೂ ಊಟ. ಹೊಟ್ಟೆ ತುಂಬಿದ ಮಗು ಓದುತ್ತದೆ, ಓದಿನ ಜೊತೆಗೆ ಸಂಜೆ ಬಯಲಿಗೆ ಬಿದ್ದು ಓಡುತ್ತದೆ. ಆ ಸಂಜೆಯ ಓಟವನ್ನು ಅನ್ನದ ದುರುಪಯೋಗ ಎನ್ನುವವರು ಯಾರೂ ಇಲ್ಲ. ಹಾಗಾದರೆ ಹಸಿವಿನ ಹೆಸರಿನಲ್ಲಿ ಓಟವನ್ನು ನಿಲ್ಲಿಸಬೇಕಾಗಿಲ್ಲ. 1,600 ಮೀಟರಿನ ಹುಡುಗನಿಗೆ ನೌಕರಿ ಸಿಕ್ಕಿದ ಮೇಲೂ, ಸಿಗದಿದ್ದ ಮೇಲೂ ಮೈದಾನ ಅವನದೇ ಆಗಿರಬೇಕು ಎಂದು ಕೇಳಬೇಕಾಗುತ್ತದೆ.

ಓಟ ಪ್ರಾಣಕ್ಕೆ ಅಪಾಯ ಎಂಬ ಮಾತಿಗೆ ಅಂಕಿಗಳೇ ಉತ್ತರ. ಅಮೆರಿಕದಲ್ಲಿ 2000ರಿಂದ 2010ರವರೆಗಿನ ಮ್ಯಾರಥಾನ್ ಮತ್ತು ಹಾಫ್ ಮ್ಯಾರಥಾನ್‌ಗಳ ಅಧ್ಯಯನದಲ್ಲಿ ಸುಮಾರು 1.09 ಕೋಟಿ ಓಟಗಾರರ ಪೈಕಿ 59 ಜನರಿಗೆ ಹೃದಯಸ್ತಂಭನವಾಗಿ 42 ಜನ ತೀರಿಕೊಂಡರು. ಅಪಾಯ ಚಿಕ್ಕದು, ಆದರೆ ಆ 42 ಮನೆಗಳಿಗೆ ಚಿಕ್ಕದಲ್ಲ. ಎದೆ ಹಿಡಿದಾಗ ನಿಲ್ಲುವುದು ಸೋಲಲ್ಲ, ನಿಲ್ಲದಿರುವುದು ಗೀತೆ ಹೇಳಿದ ತಾಮಸದ ಹಟ. ಇನ್ನು, ನಿಷ್ಕಾಮ ಕರ್ಮವೆಂದರೆ ಕರ್ತವ್ಯವನ್ನು ಫಲದಾಸೆಯಿಲ್ಲದೆ ಮಾಡುವುದು, ಕರ್ತವ್ಯವೇ ಅಲ್ಲದ್ದನ್ನು ಮಾಡುವುದಲ್ಲ ಎಂದು ಪಂಡಿತರು ಹೇಳಿದರೆ ಅದು ಸರಿಯೇ. ಓಟ ಕರ್ಮಯೋಗವೆಂದು ನಾನು ವಾದಿಸುತ್ತಿಲ್ಲ. ಕರ್ಮಯೋಗಕ್ಕೆ ಬೇಕಾದ ಒಂದು ಅಭ್ಯಾಸ, ಅಂದರೆ ಕೈಯಲ್ಲಿ ಏನೂ ಇಲ್ಲದೆ ಮನೆಗೆ ಬರುವ ಅಭ್ಯಾಸ, ಇಲ್ಲಿ ಸಿಗುತ್ತದೆ ಎನ್ನುತ್ತಿದ್ದೇನೆ.

ಆ ಅಭ್ಯಾಸಕ್ಕೆ ದೊಡ್ಡ ನಗರಕ್ಕಿಂತ ಚಿಕ್ಕ ಊರು ಹೆಚ್ಚು ಅನುಕೂಲ. ವಿಯೆನ್ನಾದಲ್ಲಿ 2019ರ ಅಕ್ಟೋಬರ್ 12ರಂದು ಓಟಗಾರ ಕಿಪ್ಚೋಗೆ 1 ಗಂಟೆ 59 ನಿಮಿಷ 40 ಸೆಕೆಂಡಿನಲ್ಲಿ ಈ ದೂರ ಓಡಿದಾಗ ಜಗತ್ತೇ ನೋಡುತ್ತಿತ್ತು, ನೋಡಬೇಕಾದದ್ದೇ. ಗುಬ್ಬಿ ರಸ್ತೆಯಲ್ಲಿ ಐದನೆಯ ಗಂಟೆಗೆ ಕಾಲೆಳೆಯುತ್ತ ಬರುವವರನ್ನು ನೋಡುವವರು ಟೀ ಅಂಗಡಿಯ ನಾಲ್ಕು ಜನ, ಹಾಲಿನ ಕ್ಯಾನು ಕಟ್ಟಿದ ಬೈಕಿನವರು, ಯಾವ ಸ್ಪರ್ಧೆ ಸ್ವಾಮಿ ಇದು ಎಂದು ಕೇಳುವ ಒಬ್ಬ ಹಿರಿಯರು. ಸತ್ಕಾರ, ಮನ್ನಣೆಗಳ ರಾಜಸಕ್ಕೆ ಇಲ್ಲಿ ಮೇವು ಕಡಿಮೆ. ನೀರಿನ ಮೇಜಿನ ಹಿಂದೆ ನಿಂತ ಹುಡುಗಿಗೆ ಕೊನೆಯವರು ಬರುವವರೆಗೂ ಮನೆಗೆ ಹೋಗುವಂತಿಲ್ಲ. ದಾಸೋಹದ ಲೆಕ್ಕದಲ್ಲಿ ನೋಡಿದರೆ ಆ ರಸ್ತೆಯಲ್ಲಿ ನಿಜವಾದ ಕಾಯಕ ಮಾಡುತ್ತಿರುವವಳು ಅವಳು, ಓಡುವವರಲ್ಲ. 1968ರ ಮೆಕ್ಸಿಕೋ ಒಲಿಂಪಿಕ್ಸ್‌ನಲ್ಲಿ ಟಾಂಜಾನಿಯಾದ ಜಾನ್ ಸ್ಟೀಫನ್ ಅಖ್ವಾರಿ ಬಿದ್ದು ಗಾಯಗೊಂಡ ಕಾಲಿಗೆ ಪಟ್ಟಿ ಕಟ್ಟಿಕೊಂಡು, ಗೆದ್ದವನಿಗಿಂತ ಒಂದು ಗಂಟೆಗೂ ಹೆಚ್ಚು ತಡವಾಗಿ, ಕತ್ತಲಾದ ಕ್ರೀಡಾಂಗಣಕ್ಕೆ ಬಂದು ಮುಗಿಸಿದ. ಅವನನ್ನು ಇಂದಿಗೂ ನೆನೆಯುತ್ತಾರೆ, ಆದರೆ ಅವನು ಆ ಗೆರೆ ದಾಟುವಾಗ ಜನರಲ್ಲಿ ಬಹುಪಾಲು ಎದ್ದು ಹೋಗಿದ್ದರು. ಚಿಕ್ಕ ಊರಿನ ಓಟಗಾರರೆಲ್ಲರ ಪಾಲಿಗೆ ಕ್ರೀಡಾಂಗಣ ಮೊದಲಿನಿಂದಲೇ ಖಾಲಿ.

ಹಾಗಿದ್ದರೂ ಪದಕವೊಂದು ಕೊರಳಿಗೆ ಬೀಳುತ್ತದೆ, ಫೋಟೋ ತೆಗೆಸಿಕೊಳ್ಳುತ್ತಾರೆ, ಸಮಯ ಬರೆದಿಟ್ಟುಕೊಂಡು ಮುಂದಿನ ಸಲ ಹತ್ತು ನಿಮಿಷ ಕಡಿಮೆ ಮಾಡಬೇಕೆಂದು ಲೆಕ್ಕ ಹಾಕುತ್ತಾರೆ. ಸುರಿಯಲು ಹೋದವರು ಹೀಗೆ ಮಡಿಲು ತುಂಬಿಕೊಂಡು ಬಂದರೆ ನನ್ನ ವಾದ ಎಲ್ಲಿ ನಿಲ್ಲುತ್ತದೆ? ಲಕ್ಕಮ್ಮನ ಪ್ರಶ್ನೆ ಇಲ್ಲಿ ನೇರ ಓಟಗಾರರ ಬಾಗಿಲಿಗೆ ಬರುತ್ತದೆ. ಅವಳು ಅಕ್ಕಿಯನ್ನೇ ಬೇಡವೆನ್ನಲಿಲ್ಲ ಎಂಬುದನ್ನು ಗಮನಿಸಬೇಕು. ಅಂದಿನ ಅಡುಗೆಗೆ ಬೇಕಾದಷ್ಟು ಅವಳಿಗೂ ಬೇಕಿತ್ತು. ಅವಳು ಅಳೆದದ್ದು ಹೆಚ್ಚಾದದ್ದನ್ನು. 1896ರ ಅಥೆನ್ಸಿನಲ್ಲಿ ಮೊದಲ ಒಲಿಂಪಿಕ್ ಮ್ಯಾರಥಾನ್ ಗೆದ್ದ ಸ್ಪಿರಿಡಾನ್ ಲೂಯಿಸ್ ಮರೂಸಿ ಎಂಬ ಹಳ್ಳಿಯವನು, ಊರಿನಿಂದ ನಗರಕ್ಕೆ ನೀರು ಹೊತ್ತು ಮಾರುತ್ತಿದ್ದವನು. ಗ್ರೀಸಿನ ರಾಜ ಏನು ಬೇಕು ಕೇಳು ಎಂದಾಗ, ನೀರು ಸಾಗಿಸಲು ಕತ್ತೆ ಕಟ್ಟಿದ ಒಂದು ಗಾಡಿ ಸಾಕು ಎಂದು ಅವನು ಕೇಳಿದನೆಂದು ಹೇಳುತ್ತಾರೆ. ಗಾಡಿಯ ಜೊತೆ ಅವನು ಮರೂಸಿಗೆ ಹಿಂದಿರುಗಿದ. ಮತ್ತೆ ಯಾವ ಸ್ಪರ್ಧೆಯಲ್ಲೂ ಓಡಲಿಲ್ಲ. ಆ ಗಾಡಿಯನ್ನು ಲಕ್ಕಮ್ಮ ವಾಪಸು ಕಳಿಸುತ್ತಿರಲಿಲ್ಲ ಎಂದು ನನಗೆ ತೋರುತ್ತದೆ.